ಊರಿನ ಹೆಸರೇ ಸರಕಿನ ಗುರುತು: ಫ್ರಾನ್ಸಿನ ವೈನ್ ಪ್ರದೇಶಗಳು

ವೈನ್ ವ್ಯಾಪಾರಕ್ಕೆ ಹೊಸಬರಾದವರಿಗೆ ಫ್ರಾನ್ಸಿನ ಬಾಟಲಿಯ ಲೇಬಲ್ ಒಗಟಾಗಿ ಕಾಣುವುದು ಸಹಜ. ಹೆಸರಾಂತ ವೈನುಗಳ ಲೇಬಲ್ಲಿನಲ್ಲಿ ಸಾಮಾನ್ಯವಾಗಿ ದ್ರಾಕ್ಷಿ ತಳಿಯ ಹೆಸರಿರುವುದಿಲ್ಲ. ಊರಿನ ಅಥವಾ ಪ್ರದೇಶದ ಹೆಸರಿರುತ್ತದೆ. ಯಾವ ಪ್ರದೇಶದ ತಳಿ ಯಾವುದು, ಅಲ್ಲಿನ ವೈನಿನ ಗುಣವೇನು ಎಂಬುದನ್ನು ಕೊಳ್ಳುವವರೇ ಅರಿತಿರಬೇಕು. ಆದುದರಿಂದ ಈ ಸರಕಿನ ಪರಿಚಯವು ಆ ದೇಶದ ಭೂಪಟದಿಂದಲೇ ಆರಂಭವಾಗಬೇಕು.

ಬೋರ್ಡೋ

ನೈರುತ್ಯ ಭಾಗದ ಬೋರ್ಡೋದಲ್ಲಿ ಹಲವು ತಳಿಗಳನ್ನು ಬೆರೆಸಿ ಕೆಂಪು ವೈನ್ ತಯಾರಿಸುತ್ತಾರೆ. ಎಡದಂಡೆಯ ಮೆಡಾಕ್‌ನ ಜಲ್ಲಿನೆಲದಲ್ಲಿ ಕ್ಯಾಬರ್ನೆ ಸೊವಿನ್ಯೋನ್ ಪ್ರಧಾನ. ಇದರ ವೈನ್ ಎಳೆಯದಾಗಿದ್ದಾಗ ಒಗರು. ವರ್ಷಗಳು ಕಳೆದಂತೆ ಹದಗೊಳ್ಳುತ್ತದೆ. ಬಲದಂಡೆಯ ಪೊಮೆರೋಲ್, ಸೇಂತ್ ಎಮಿಲಿಯೋನ್‌ಗಳಲ್ಲಿ ಮೆರ್ಲೋ ಪ್ರಧಾನವಾಗಿದ್ದು, ವೈನ್ ಹೆಚ್ಚು ಮೃದು.

1855ರ ಪ್ಯಾರಿಸ್ ವಸ್ತುಪ್ರದರ್ಶನಕ್ಕಾಗಿ ಬೋರ್ಡೋ ವಾಣಿಜ್ಯ ಮಂಡಳಿಯ ಕೋರಿಕೆಯಂತೆ ಅಲ್ಲಿನ ವೈನ್ ದಲ್ಲಾಳಿಗಳು ಪ್ರಮುಖ ಕೆಂಪು ವೈನುಗಳನ್ನು ಐದು ದರ್ಜೆಗಳಾಗಿ ವಿಂಗಡಿಸಿದರು. ಮಾರುಕಟ್ಟೆಯಲ್ಲಿ ಬಹುಕಾಲದಿಂದ ದೊರೆಯುತ್ತಿದ್ದ ಬೆಲೆಯೇ ಅದಕ್ಕೆ ಆಧಾರ. ಆ ಪಟ್ಟಿ ಅತ್ಯಲ್ಪ ಬದಲಾವಣೆಗಳೊಂದಿಗೆ ಇಂದಿಗೂ ಮಾನ್ಯವಾಗಿರುವುದು ಗಮನಾರ್ಹ.

ಬರ್ಗಂಡಿ

ಪೂರ್ವದ ಬರ್ಗಂಡಿಯ ಪದ್ಧತಿ ಇದಕ್ಕೆ ವಿರುದ್ಧ. ಇಲ್ಲಿನ ಪ್ರಸಿದ್ಧ ವೈನುಗಳು ಒಂದೇ ತಳಿಯವು: ಕೆಂಪಿಗೆ ಪಿನೋ ನ್ವಾರ್, ಬಿಳಿಗೆ ಶಾರ್ಡೊನೆ. ಪಿತ್ರಾರ್ಜಿತ ಹಂಚಿಕೆಯಿಂದ ತೋಟಗಳು ತುಂಡುತುಂಡಾಗಿವೆ. ಸುಮಾರು 50 ಹೆಕ್ಟೇರ್ ವಿಸ್ತೀರ್ಣದ ಕ್ಲೋ ದ ವೂಜೋ ತೋಟಕ್ಕೆ ಸುಮಾರು 80 ಒಡೆಯರಿದ್ದಾರೆ. ತೋಟದ ಹೆಸರು ಒಂದೇ ಆದರೂ ಗುಣಮಟ್ಟ ಒಂದೇ ಅಲ್ಲ. ಇಲ್ಲಿ ಊರಿನ ಹೆಸರಿನ ಜೊತೆಗೆ ತಯಾರಕರ ಹೆಸರನ್ನೂ ನೋಡುವುದು ಅವಶ್ಯ.

ಇತರ ಪ್ರದೇಶಗಳು

ಈಶಾನ್ಯದ ಶಾಂಪೇನ್‌ನಲ್ಲಿ ಮುಖ್ಯವಾಗಿ ಶಾರ್ಡೊನೆ, ಪಿನೋ ನ್ವಾರ್, ಮ್ಯೂನಿಯೇ ತಳಿಗಳನ್ನು ಬಳಸುತ್ತಾರೆ. ಬಾಟಲಿಯೊಳಗೇ ನಡೆಯುವ ಎರಡನೆಯ ಹುದುಗುವಿಕೆಯಿಂದ ಗುಳ್ಳೆಗಳು ಉಂಟಾಗುತ್ತವೆ. ಬಾಟಲಿಗೆ ತುಂಬಿದ ಮೇಲೆ ಕನಿಷ್ಠ 15 ತಿಂಗಳು ನೆಲಮಾಳಿಗೆಯಲ್ಲಿ ಇರಿಸಲೇಬೇಕಾದುದರಿಂದ ತಯಾರಕರ ಬಂಡವಾಳ ಬಹುಕಾಲ ಕಟ್ಟಿಬೀಳುತ್ತದೆ. ಜರ್ಮನಿಯ ಗಡಿಯ ಅಲ್ಸಾಸ್ ರೀಸ್ಲಿಂಗ್ ಮುಂತಾದ ಬಿಳಿ ವೈನುಗಳಿಗೆ ಹೆಸರಾಗಿದ್ದು, ಲೇಬಲ್ಲಿನಲ್ಲಿ ತಳಿಯ ಹೆಸರನ್ನು ನಮೂದಿಸುವ ರೂಢಿ ಇಲ್ಲಿದೆ. ಲ್ವಾರ್ ಕಣಿವೆಯ ಸಾನ್ಸೇರ್‌ನ ಬಿಳಿ ವೈನ್ ಸೊವಿನ್ಯೋನ್ ಬ್ಲಾಂಕ್ ತಳಿಯದು. ಸಿಹಿಯಿಲ್ಲದ, ಹುಳಿ ಮುಂದಾದ ರುಚಿ ಅದರದು. ರೋನ್ ಕಣಿವೆಯ ಉತ್ತರದ ಕೆಂಪು ವೈನುಗಳಲ್ಲಿ ಸಿರಾ, ದಕ್ಷಿಣದಲ್ಲಿ ಗ್ರೆನಾಶ್ ಪ್ರಧಾನ.

ಹೆಸರಿನ ಹಿಂದಿನ ಹೋರಾಟ

ಈ ಹೆಸರುಗಳ ಬೆಲೆ ಸುಲಭವಾಗಿ ಉಳಿದು ಬಂದುದಲ್ಲ. 1860ರ ದಶಕದಿಂದ ಫಿಲಾಕ್ಸೆರಾ ಎಂಬ ಕೀಟವು ಬೇರಿಗೆ ತಗುಲಿ ಫ್ರಾನ್ಸಿನ ತೋಟಗಳನ್ನು ಹಾಳುಗೆಡವಿತು. ಅಮೆರಿಕದ ಬಳ್ಳಿಯ ಬೇರಿಗೆ ಕಸಿ ಕಟ್ಟುವುದೊಂದೇ ಪರಿಹಾರವಾಯಿತು. ಅಭಾವದ ಕಾಲದಲ್ಲಿ ಒಣದ್ರಾಕ್ಷಿ, ಸಕ್ಕರೆಗಳಿಂದ ತಯಾರಿಸಿದ ಪದಾರ್ಥವೂ ವೈನ್ ಎಂದು ಮಾರಾಟವಾಯಿತು. ಬೆಲೆ ಕುಸಿದಾಗ 1907ರಲ್ಲಿ ದಕ್ಷಿಣದ ಲಾಂಗ್‌ದಾಕ್ ಬೆಳೆಗಾರರು ಬೀದಿಗಿಳಿದರು. ನಾರ್ಬೋನ್‌ನಲ್ಲಿ ಸೈನಿಕರ ಗುಂಡಿಗೆ ಜನ ಬಲಿಯಾದರು. 1911ರಲ್ಲಿ ಶಾಂಪೇನ್ ಪ್ರದೇಶದಲ್ಲಿಯೂ ಗಲಭೆಗಳಾದವು. ಹೊರಗಿನ ದ್ರಾಕ್ಷಿಯನ್ನು ತರಿಸಿ ಊರಿನ ಹೆಸರಿನಲ್ಲಿ ಮಾರುವುದರ ವಿರುದ್ಧ ಅಲ್ಲಿನ ಬೆಳೆಗಾರರು ಸಿಡಿದೆದ್ದಿದ್ದರು.

ಇಂತಹ ಅನುಭವಗಳ ಫಲವಾಗಿ 1935ರಲ್ಲಿ ನಿಯಂತ್ರಿತ ಮೂಲನಾಮದ ಕಾನೂನು ಜಾರಿಗೆ ಬಂದಿತು. ಒಂದು ಹೆಸರಿಗೆ ಸಲ್ಲುವ ಭೂಮಿಯ ಎಲ್ಲೆ, ತಳಿ, ಇಳುವರಿಯ ಮಿತಿ, ತಯಾರಿಕೆಯ ಕ್ರಮ ಇವೆಲ್ಲವನ್ನೂ ನಿಗದಿಪಡಿಸಲಾಯಿತು. ಹೆಸರು ಒಬ್ಬರ ಸ್ವತ್ತಲ್ಲ, ಆ ನೆಲದ ಉತ್ಪಾದಕರೆಲ್ಲರ ಸ್ವತ್ತು ಎಂಬುದೇ ಇದರ ಸಾರ.

ಭಾರತದಲ್ಲಿ 1999ರ ಭೌಗೋಳಿಕ ಸೂಚಕ ಕಾಯಿದೆ 2003ರ ಸೆಪ್ಟೆಂಬರ್‌ನಲ್ಲಿ ಜಾರಿಗೆ ಬಂದಿದ್ದು, ಮೈಸೂರು ರೇಷ್ಮೆ, ಮೈಸೂರು ಅಗರಬತ್ತಿ, ಚನ್ನಪಟ್ಟಣದ ಆಟಿಕೆಗಳು ನೋಂದಣಿ ಪಡೆದಿವೆ. ಇಂತಹ ಸರಕುಗಳ ಉತ್ಪಾದಕರು ಅಧಿಕೃತ ಬಳಕೆದಾರರಾಗಿ ನೋಂದಾಯಿಸಿಕೊಳ್ಳಲು ಕಾಯಿದೆಯಲ್ಲಿ ಅವಕಾಶವಿದೆ. ಆದರೆ ನೋಂದಣಿ ಮೊದಲ ಹೆಜ್ಜೆ ಮಾತ್ರ. ಒಬ್ಬರು ಕಳಪೆ ಸರಕು ಮಾರಿದರೆ ಊರಿನವರೆಲ್ಲರ ಬೆಲೆ ಇಳಿಯುತ್ತದೆ ಎಂಬ ಪಾಠವನ್ನು ಫ್ರಾನ್ಸಿನ ಬೆಳೆಗಾರರು ಅಪಾರ ನಷ್ಟ ತೆತ್ತು ಕಲಿತರು. ಅದೇ ನಷ್ಟವನ್ನು ಅನುಭವಿಸದೆ ಆ ಪಾಠವನ್ನು ಕಲಿಯುವುದು ಇಲ್ಲಿನ ಉತ್ಪಾದಕರಿಗೂ ವರ್ತಕರಿಗೂ ಶ್ರೇಯಸ್ಕರ.