ವೈಪರ್ ಗಾಜಿಗೆ ಅಂಟುವುದು ಚಳಿಯಿಂದಲ್ಲ, ನೀರಿನಿಂದ

ನಮ್ಮ ಶಿವಮೊಗ್ಗದ ಕಡೆ ವೈಪರ್ ಎಂದರೆ ಮಳೆಗಾಲದ ಸಾಮಾನು. ಆಗುಂಬೆ ಘಾಟಿ ಇಳಿಯುವ ಬಸ್ಸಿನ ಗಾಜಿನ ಮೇಲೆ ಅದು ಅತ್ತಿಂದಿತ್ತ ಓಡಾಡುವುದನ್ನು ನೋಡುತ್ತಲೇ ಬೆಳೆದವರು ನಾವು. ಮಳೆ ನಿಂತ ಮೇಲೆ ಅದೊಂದು ಇದೆ ಎಂಬ ನೆನಪೂ ಇರುವುದಿಲ್ಲ. ಕಾಶ್ಮೀರ, ಲಡಾಖ್, ಹಿಮಾಚಲದ ಕಡೆ ಹಾಗಲ್ಲ. ಅಲ್ಲಿ ಡಿಸೆಂಬರ್ ಬೆಳಿಗ್ಗೆ ಡ್ರೈವರ್ ಗಾಡಿಯ ಹತ್ತಿರ ಬಂದರೆ ವೈಪರ್‌ನ ರಬ್ಬರ್ ಗಾಜಿಗೆ ಕಚ್ಚಿಕೊಂಡು ಕೂತಿರುತ್ತದೆ. ಎಳೆದರೆ ರಬ್ಬರ್ ಹರಿಯುತ್ತದೆ, ಸ್ವಿಚ್ ಹಾಕಿದರೆ ಮೋಟಾರ್ ಸುಡುತ್ತದೆ, ಬಿಟ್ಟುಬಿಟ್ಟರೆ ಮುಂದಿನ ದಾರಿ ಕಾಣುವುದಿಲ್ಲ. ಬೆಳಗಿನ ಬಾಡಿಗೆಯನ್ನೇ ನಂಬಿಕೊಂಡ ಟ್ಯಾಕ್ಸಿಯವರಿಗೆ ಇದು ಹೊಟ್ಟೆಪಾಡಿನ ವಿಷಯ.

ನನ್ನ ಮಾಮೂ ಸೇನೆಯಲ್ಲಿ ಡ್ರೈವರ್ ಆಗಿದ್ದವರು. ಶ್ರೀನಗರದಲ್ಲೂ ಲೇಹ್‌ನಲ್ಲೂ ಚಳಿಗಾಲ ಕಳೆದು ಬಂದಿದ್ದಾರೆ. ಈಗ ಊರಿನಲ್ಲಿ ಶಾಲಾ ಮಕ್ಕಳ ವ್ಯಾನ್ ಓಡಿಸುತ್ತಾರೆ. ಈ ಲೇಖನದಲ್ಲಿ ಅರ್ಧ ಅವರು ಹೇಳಿದ್ದು, ಇನ್ನರ್ಧ ನಾನು ಓದಿ, ಸೈನ್ಸ್ ವಿಭಾಗದ ಗೆಳೆಯರ ತಲೆ ತಿಂದು ತಿಳಿದುಕೊಂಡಿದ್ದು. ಕಾಮರ್ಸ್‌ನವರಿಗೆ ಈ ಮಂಜುಗಡ್ಡೆಯ ಉಸಾಬರಿ ಯಾಕೆ ಎಂದು ಕೇಳುವವರಿಗೆ ನಡುವೆ ಒಂದು ಕಡೆ ಉತ್ತರ ಇದೆ, ಓದುತ್ತಾ ಹೋಗಿ.

ಮೊದಲು ನಾನು ಮಾಮೂಗೆ ಕೇಳಿದ್ದು, "ಲೇಹ್‌ನಲ್ಲಿ ಹೆಚ್ಚು ಅಂಟುತ್ತಿತ್ತಾ, ಶ್ರೀನಗರದಲ್ಲಿ ಹೆಚ್ಚಾ?" ಅಂತ. ಲೇಹ್ ಎಂದೇ ನಾನು ಅಂದುಕೊಂಡಿದ್ದೆ. ಅದು ಸಮುದ್ರಮಟ್ಟದಿಂದ ಸುಮಾರು 3,500 ಮೀಟರ್ ಎತ್ತರದ ಊರು. ಜನವರಿ ರಾತ್ರಿಗಳಲ್ಲಿ ಉಷ್ಣಾಂಶ ಮೈನಸ್ 15 ಡಿಗ್ರಿಯ ಆಸುಪಾಸಿಗೆ ಇಳಿಯುತ್ತದೆ. ಮಾಮೂ ನಕ್ಕು, "ಇಲ್ಲ ಬೇಟಾ, ಶ್ರೀನಗರದಲ್ಲೇ ಕಾಟ ಜಾಸ್ತಿ" ಅಂದರು. ಕಾರಣ ಸರಳ. ಲಡಾಖ್ ಒಣ ಪ್ರದೇಶ, ಶೀತ ಮರುಭೂಮಿ ಎಂದು ಭೂಗೋಳದಲ್ಲಿ ಓದಿದ್ದೇವೆ. ಅಲ್ಲಿ ಚಳಿ ಎಷ್ಟೇ ಇದ್ದರೂ ಗಾಳಿಯಲ್ಲಿ ನೀರಿನ ಅಂಶ ಕಡಿಮೆ. ಶ್ರೀನಗರದಲ್ಲಿ ಚಳಿ ಅಷ್ಟಿಲ್ಲ, ಆದರೆ ದಾಲ್ ಸರೋವರ, ಝೇಲಂ ನದಿ, ಮಂಜು, ಒದ್ದೆ ಹಿಮ ಎಲ್ಲ ಇವೆ. ಒಣಗಿದ ರಬ್ಬರ್ ಮೈನಸ್ 20ರಲ್ಲೂ ಗಾಜಿಗೆ ಅಂಟುವುದಿಲ್ಲ. ಒದ್ದೆಯಾದ ರಬ್ಬರ್ ಸೊನ್ನೆಯಿಂದ ಸ್ವಲ್ಪ ಕೆಳಗೆ ಇಳಿದರೂ ಅಂಟುತ್ತದೆ. ಈ ಇಡೀ ವಿಷಯದ ಬೀಗದ ಕೈ ಇದೊಂದೇ. ಬೆಂಗಳೂರಿನಲ್ಲಿ ಈವರೆಗೆ ದಾಖಲಾದ ಅತಿ ಕಡಿಮೆ ಉಷ್ಣಾಂಶವೇ 7.8 ಡಿಗ್ರಿ, ಅದೂ 1884ರ ಜನವರಿಯಲ್ಲಿ. ಹಾಗಾಗಿ ನಮ್ಮ ಕಡೆ ಈ ಪಾಠ ಕಲಿಯುವ ಪ್ರಸಂಗವೇ ಬಂದಿಲ್ಲ.

ಆ ನೀರು ಎಲ್ಲಿಂದ ಬರುತ್ತದೆ? ಎರಡು ದಾರಿ. ಒಂದು, ಗಾಡಿಯ ಸ್ವಂತ ಬಿಸಿ. ಸಂಜೆ ಹೀಟರ್ ಹಾಕಿಕೊಂಡು ಬಂದು ನಿಲ್ಲಿಸುತ್ತೀರಿ. ಮುಂದಿನ ಗಾಜು ಇನ್ನೂ ಬೆಚ್ಚಗಿರುತ್ತದೆ. ಅದರ ಮೇಲೆ ಬಿದ್ದ ಹಿಮ ಕರಗಿ ಕೆಳಗೆ ಹರಿಯುತ್ತದೆ. ವೈಪರ್ ಮಲಗುವ ಜಾಗವೂ ಕೆಳಗೇ. ಹರಿದ ನೀರೆಲ್ಲ ಅಲ್ಲಿ ರಬ್ಬರ್‌ನ ಅಂಚಿನಲ್ಲಿ, ಗಾಜಿನ ಸಂದಿನಲ್ಲಿ ನಿಲ್ಲುತ್ತದೆ. ಎರಡು ಗಂಟೆಯಲ್ಲಿ ಗಾಜು ತಣ್ಣಗಾಗಿ ಆ ನೀರು ಗಡ್ಡೆ ಕಟ್ಟುತ್ತದೆ. ಗಡ್ಡೆ ಕಟ್ಟುವಾಗ ನೀರು ಶೇಕಡಾ 9ರಷ್ಟು ಹಿಗ್ಗುವುದರಿಂದ ಇದ್ದಬದ್ದ ಸಂದನ್ನೆಲ್ಲ ತುಂಬಿಕೊಂಡು ಬಿಗಿಯುತ್ತದೆ.

ಇನ್ನೊಂದು ದಾರಿ ಆಕಾಶದ್ದು. ಮೋಡವಿಲ್ಲದ ರಾತ್ರಿಯಲ್ಲಿ ಬಯಲಲ್ಲಿ ನಿಂತ ಗಾಜು ತನ್ನ ಶಾಖವನ್ನು ಮೇಲಕ್ಕೆ ಬಿಟ್ಟುಕೊಟ್ಟು ಸುತ್ತಲಿನ ಗಾಳಿಗಿಂತಲೂ ತಣ್ಣಗಾಗುತ್ತದೆ. ಗಾಳಿ 2 ಡಿಗ್ರಿ ಇದ್ದಾಗಲೂ ಗಾಜು ಸೊನ್ನೆಗಿಂತ ಕೆಳಗಿಳಿಯಬಹುದು. ಆಗ ಗಾಳಿಯ ತೇವವೇ ಅದರ ಮೇಲೆ ಬಿಳಿ ಪುಡಿಯಂತೆ ಗಟ್ಟಿಯಾಗುತ್ತದೆ. ಅದೇ ಗಾಡಿಯನ್ನು ಶೆಡ್ಡಿನ ಕೆಳಗೋ ದಟ್ಟ ಮರದ ಕೆಳಗೋ ನಿಲ್ಲಿಸಿದರೆ ಇದು ತುಂಬಾ ಕಡಿಮೆ. ಗಾಜಿಗೂ ಆಕಾಶಕ್ಕೂ ನಡುವೆ ಒಂದು ಮರೆ ಇದ್ದರೆ ಸಾಕು.

ಕಾಶ್ಮೀರದವರು ಚಳಿಗಾಲದ ಅತಿ ಕಠಿಣ ನಲವತ್ತು ದಿನಗಳಿಗೆ ಚಿಲ್ಲೈ ಕಲಾನ್ ಎನ್ನುತ್ತಾರೆ. ಡಿಸೆಂಬರ್ 21ಕ್ಕೆ ಶುರುವಾಗಿ ಜನವರಿ ಕೊನೆಯವರೆಗೆ. ಆಮೇಲೆ ಇಪ್ಪತ್ತು ದಿನ ಚಿಲ್ಲೈ ಖುರ್ದ್, ಕೊನೆಗೆ ಹತ್ತು ದಿನ ಚಿಲ್ಲೈ ಬಚ್ಚಾ. ಮನೆಯಲ್ಲಿ ಉರ್ದು ಮಾತಾಡುವ ನಮಗೆ ಈ ಹೆಸರು ಕೇಳಿದ ಕೂಡಲೇ ಅರ್ಥ ಹೊಳೆಯುತ್ತದೆ. ಬಾಣಂತಿಯ ನಲವತ್ತನೇ ದಿನದ ಸ್ನಾನಕ್ಕೂ ನಾವು ಚಿಲ್ಲಾ ಎಂದೇ ಹೇಳುತ್ತೇವಲ್ಲ! ಪಾರ್ಸಿ ಭಾಷೆಯ ಒಂದೇ ಮಾತು ಅಲ್ಲಿ ಚಳಿಗೂ ಇಲ್ಲಿ ಬಾಣಂತನಕ್ಕೂ ಹೋಗಿ ಸೇರಿದೆ. 2024ರಲ್ಲಿ ಆ ನಲವತ್ತು ದಿನಗಳು ಶುರುವಾಗುವ ಹೊತ್ತಿಗೇ ಶ್ರೀನಗರದಲ್ಲಿ ಮೈನಸ್ 8.5 ಡಿಗ್ರಿ ದಾಖಲಾಯಿತು. ನಲ್ಲಿಯ ನೀರೇ ಪೈಪಿನಲ್ಲಿ ಗಟ್ಟಿಯಾಗುವ ಕಾಲ ಅದು. ವೈಪರ್ ಯಾವ ಲೆಕ್ಕ.

ಈಗ ಉಪಾಯಕ್ಕೆ ಬರೋಣ. ಮಾಮೂ ಅವರ ಮಾತು ಇಷ್ಟೇ: "ರಾತ್ ಕಾ ಕಾಮ್ ಹೈ, ಸುಬೂ ಕಾ ನೈ." ಅಂದರೆ ಇದು ಹಿಂದಿನ ರಾತ್ರಿ ಮಾಡಬೇಕಾದ ಕೆಲಸ, ಬೆಳಿಗ್ಗೆಯದಲ್ಲ.

ಗಾಡಿ ನಿಲ್ಲಿಸಿದ ಮೇಲೆ ವೈಪರ್ ತನ್ನ ಜಾಗಕ್ಕೆ ಬಂದು ಮಲಗಿದೆಯೇ ನೋಡಿ ಸ್ವಿಚ್ಚನ್ನು ಆಫ್ ಮಾಡಬೇಕು. ಈಗಿನ ಕೆಲವು ಕಾರುಗಳಲ್ಲಿ ಮಳೆ ಬಿದ್ದರೆ ತಾನೇ ಓಡುವ ಆಟೋ ವೈಪರ್ ಇರುತ್ತದೆ, ಅದನ್ನೂ ಆಫ್ ಮಾಡಬೇಕು. ಇಲ್ಲದಿದ್ದರೆ ಬೆಳಿಗ್ಗೆ ಕೀ ತಿರುಗಿಸಿದ ಕ್ಷಣವೇ ಮೋಟಾರ್ ಆ ಗಡ್ಡೆಯ ಜೊತೆ ಹಗ್ಗಜಗ್ಗಾಟಕ್ಕೆ ಇಳಿಯುತ್ತದೆ. ಅದೃಷ್ಟ ಇದ್ದರೆ ಫ್ಯೂಸ್ ಮಾತ್ರ ಹೋಗುತ್ತದೆ. ಆಮೇಲೆ ಗಾಜಿನ ಕೆಳಭಾಗವನ್ನೂ ರಬ್ಬರ್‌ನ ಅಂಚನ್ನೂ ಒಣಬಟ್ಟೆಯಿಂದ ಒರೆಸಬೇಕು. ಎರಡು ನಿಮಿಷದ ಕೆಲಸ. ಮಾಮೂ ಹಳೇ ಬನಿಯನ್ನಿನ ತುಂಡೊಂದನ್ನು ಸೀಟಿನ ಕೆಳಗೆ ಇದಕ್ಕೆಂದೇ ಇಟ್ಟಿರುತ್ತಿದ್ದರಂತೆ.

ಒರೆಸಿದ ಮೇಲೆ ವೈಪರ್ ತೋಳುಗಳನ್ನು ಗಾಜಿನಿಂದ ಮೇಲೆತ್ತಿ ನಿಲ್ಲಿಸುವುದು ಎಲ್ಲರಿಗೂ ಗೊತ್ತಿರುವ ಉಪಾಯ. ಶ್ರೀನಗರದಲ್ಲಿ ಹಿಮ ಬೀಳುವ ರಾತ್ರಿ ಸಾಲು ಕಾರುಗಳು ಹೀಗೆ ಕೈ ಎತ್ತಿ ನಿಂತಿರುತ್ತವಂತೆ. ಮುಟ್ಟಿಕೊಂಡೇ ಇಲ್ಲದ ಮೇಲೆ ಅಂಟುವುದಾದರೂ ಹೇಗೆ? ಆದರೆ ಜೋರು ಗಾಳಿಯ ರಾತ್ರಿ ಇದನ್ನು ಮಾಡಬಾರದು. ಎತ್ತಿದ ತೋಳು ಸ್ಪ್ರಿಂಗ್ ಬಲದಿಂದ ಗಾಜಿನ ಮೇಲೆ ಬಡಿದರೆ ಗಾಜೇ ಸೀಳಬಹುದು. ಬಾನೆಟ್‌ನ ಅಂಚಿನೊಳಗೆ ವೈಪರ್ ಅಡಗಿಕೊಳ್ಳುವಂಥ ಕಾರುಗಳಲ್ಲಿ ಸುಮ್ಮನೆ ಎತ್ತಲೂ ಆಗುವುದಿಲ್ಲ, ಮ್ಯಾನುಯಲ್‌ನಲ್ಲಿ ಹೇಳಿದ ಹಾಗೆ ಮೊದಲು ಅದನ್ನು ಗಾಜಿನ ನಡುವಿಗೆ ತರಬೇಕು. ನನ್ನ ಅಭಿಪ್ರಾಯದಲ್ಲಿ ಇದಕ್ಕಿಂತ ಒಳ್ಳೆಯದು ಹೊದಿಕೆ. ಗಾಜು, ವೈಪರ್ ಎರಡೂ ಮುಚ್ಚುವಂತೆ ಒಂದು ಟಾರ್ಪಾಲಿನ್ ತುಂಡು ಹಾಕಿ, ಅದರ ಎರಡು ತುದಿಗಳನ್ನು ಮುಂದಿನ ಬಾಗಿಲುಗಳಿಗೆ ಸಿಕ್ಕಿಸಿ ಬಾಗಿಲು ಮುಚ್ಚಿದರೆ ಗಾಳಿಗೂ ಹಾರುವುದಿಲ್ಲ. ಬೆಳಿಗ್ಗೆ ಹಿಮದ ಸಮೇತ ಎಳೆದು ಹಾಕಿದರಾಯಿತು. ಹಾಕುವ ಮುಂಚೆ ಗಾಜು ಒಣಗಿರಬೇಕು. ಗೋಣಿಚೀಲ, ಹಳೇ ಕಂಬಳಿ, ರಟ್ಟು ಬೇಡ. ಅವು ನೀರು ಕುಡಿದು ತಾವೇ ಗಾಜಿಗೆ ಅಂಟುತ್ತವೆ, ಆಗ ಒಂದರ ಬದಲು ಎರಡು ತಲೆನೋವು.

ಗಾಡಿಯ ಮೂತಿಯನ್ನು ಪೂರ್ವಕ್ಕೆ ಮಾಡಿ ನಿಲ್ಲಿಸಿದರೆ ಬೆಳಗಿನ ಬಿಸಿಲು ಮೊದಲು ಆ ಗಾಜಿಗೇ ಬೀಳುತ್ತದೆ. ಇದಕ್ಕೆ ಖರ್ಚೂ ಇಲ್ಲ, ಬಿಸಿಲು ಬರಬೇಕು ಅಷ್ಟೇ.

ಉಪ್ಪು ಹಾಕಿದರೆ ಆಗದೇ ಎಂದು ನಮ್ಮ ಕ್ಲಾಸಿನಲ್ಲಿ ಒಬ್ಬ ಕೇಳಿದ. ಕುಲ್ಫಿ ಗಾಡಿಯವರನ್ನು ನೋಡಿದ್ದೀರಲ್ಲ, ಮಡಕೆಯಲ್ಲಿ ಐಸಿನ ಜೊತೆ ಉಪ್ಪು ಸುರಿದಿರುತ್ತಾರೆ. ಉಪ್ಪು ಬೆರೆತ ನೀರು ಸೊನ್ನೆಗೆ ಹೆಪ್ಪುಗಟ್ಟುವುದಿಲ್ಲ. ಸರಿಯಾದ ಪ್ರಮಾಣದಲ್ಲಿ ಬೆರೆತರೆ ಮೈನಸ್ 21 ಡಿಗ್ರಿಯವರೆಗೂ ನೀರಾಗಿಯೇ ಇರುತ್ತದೆ, ಆ ಚಳಿಯಲ್ಲೇ ಕುಲ್ಫಿ ಗಟ್ಟಿಯಾಗುವುದು. ಆದ್ದರಿಂದ ಪ್ರಶ್ನೆ ಸರಿಯಾದದ್ದೇ. ಆದರೆ ಗಾಡಿಯ ಮೇಲೆ ಉಪ್ಪು ನೀರು ಹರಿದರೆ ಲೋಹ ತುಕ್ಕು ಹಿಡಿಯುತ್ತದೆ. ವಿನೆಗರ್ ಹಚ್ಚಿ ಎಂದು ಹೇಳುವವರೂ ಇದ್ದಾರೆ. ಅಡುಗೆಮನೆಯ ವಿನೆಗರ್‌ನಲ್ಲಿ ಆಮ್ಲ ಇರುವುದು ಶೇಕಡಾ 5ರ ಸುಮಾರು, ಉಳಿದದ್ದು ನೀರು. ಅದು ಮೈನಸ್ 2ರ ಹತ್ತಿರ ತಾನೇ ಹೆಪ್ಪುಗಟ್ಟುತ್ತದೆ. ಮೈನಸ್ 8ರಲ್ಲಿ ಅದರಿಂದ ಏನು ಪ್ರಯೋಜನ? ಕೆಲಸಕ್ಕೆ ಬರುವುದು ಐಸೊಪ್ರೊಪೈಲ್ ಆಲ್ಕೋಹಾಲ್. ಅದು ಹೆಪ್ಪುಗಟ್ಟಲು ಮೈನಸ್ 89 ಡಿಗ್ರಿ ಬೇಕು. ಎರಡು ಪಾಲು ಅದಕ್ಕೆ ಒಂದು ಪಾಲು ನೀರು ಬೆರೆಸಿ, ಬಟ್ಟೆಗೆ ಹಚ್ಚಿಕೊಂಡು ರಾತ್ರಿ ರಬ್ಬರ್‌ನ ಅಂಚು ಒರೆಸಬಹುದು. ಅದೇ ಮಿಶ್ರಣವನ್ನು ಬೆಳಿಗ್ಗೆ ಅಂಟಿದ ಜಾಗಕ್ಕೆ ಸಿಂಪಡಿಸಲೂಬಹುದು. ಬೆಂಕಿ ಹತ್ತುವ ವಸ್ತು ಅದು, ಹತ್ತಿರ ಬೀಡಿ ಸಿಗರೇಟು ಇರಬಾರದು.

ಇನ್ನು ಕಾಮರ್ಸ್‌ನವರ ಪ್ರಶ್ನೆ. ವೈಪರ್ ಹುಟ್ಟಿದ್ದೇ ಹಿಮದಿಂದ. ಅಮೆರಿಕದ ಅಲಬಾಮಾದ ಮೇರಿ ಆಂಡರ್ಸನ್ ಎಂಬ ಮಹಿಳೆ ಚಳಿಗಾಲದಲ್ಲಿ ನ್ಯೂಯಾರ್ಕಿಗೆ ಹೋಗಿದ್ದಾಗ, ಗಾಜಿನ ಮೇಲೆ ಹಿಮ ಕೂತು ದಾರಿ ಕಾಣದೆ ಟ್ರ್ಯಾಮ್ ಚಾಲಕ ಪಡುತ್ತಿದ್ದ ಪಾಡನ್ನು ನೋಡಿದರು. ಒಳಗೆ ಕೂತು ಕೈಯಿಂದ ತಿರುಗಿಸುವ ಒರೆಸುವ ಸಾಧನವೊಂದನ್ನು ರೂಪಿಸಿ 1903ರಲ್ಲಿ ಪೇಟೆಂಟ್ ಪಡೆದರು. ಅದನ್ನು ಮಾರಲು ಕೆನಡಾದ ಒಂದು ಕಂಪನಿಗೆ ಬರೆದಾಗ, ಇದಕ್ಕೆ ಅಂಥ ವ್ಯಾಪಾರ ಮೌಲ್ಯ ಇಲ್ಲವೆಂದು ಉತ್ತರ ಬಂತು. ಪೇಟೆಂಟಿನ 17 ವರ್ಷದ ಅವಧಿ 1920ರಲ್ಲಿ ಮುಗಿಯಿತು. 1922ರಲ್ಲಿ ಕ್ಯಾಡಿಲಾಕ್ ಕಂಪನಿ ತನ್ನ ಕಾರುಗಳಿಗೆಲ್ಲ ವೈಪರ್ ಅಳವಡಿಸಿಯೇ ಮಾರಲು ಶುರು ಮಾಡಿತು. ಆಂಡರ್ಸನ್‌ರಿಗೆ ಇದರಿಂದ ಒಂದು ಕಾಸೂ ಬರಲಿಲ್ಲ. ಬಿಸಿನೆಸ್ ಸ್ಟಡೀಸ್‌ನಲ್ಲಿ ನಾವು ಓದುವ ಮಾರುಕಟ್ಟೆ ಪಾಠದಲ್ಲಿ ಈ ಕಥೆ ಇರಬೇಕಿತ್ತು ಅನ್ನಿಸುತ್ತದೆ.

ರಾತ್ರಿ ಏನೂ ಮಾಡಲಾಗದೆ ಬೆಳಿಗ್ಗೆ ಅಂಟಿಯೇಬಿಟ್ಟಿದ್ದರೆ? ಬಿಸಿನೀರು ಸುರಿಯುವುದು ಮಾತ್ರ ಬೇಡ. ಮೈನಸ್ 8ರಲ್ಲಿರುವ ಗಾಜಿಗೆ 80 ಡಿಗ್ರಿ ನೀರು ಬಿದ್ದರೆ 88 ಡಿಗ್ರಿಯ ಪೆಟ್ಟು. ಮುಂದಿನ ಗಾಜು ಎರಡು ಗಾಜಿನ ಹಾಳೆಗಳ ನಡುವೆ ಪ್ಲಾಸ್ಟಿಕ್ ಪದರ ಇಟ್ಟು ಮಾಡಿದ್ದು. ಅದು ಚೂರಾಗಿ ಮೈಮೇಲೆ ಬೀಳುವುದಿಲ್ಲ ನಿಜ, ಆದರೆ ಕಲ್ಲು ಸಿಡಿದು ಆದ ಸಣ್ಣ ಗಾಯವೊಂದು ಇದ್ದರೆ ಅಲ್ಲಿಂದ ಈ ಕೊನೆಯಿಂದ ಆ ಕೊನೆಗೆ ಬಿರುಕು ಓಡುತ್ತದೆ. ಗಾಜು ಉಳಿದರೂ, ಸುರಿದ ನೀರು ಹೊರಗಿನ ಚಳಿಗೆ ಮತ್ತೆ ಹೆಪ್ಪುಗಟ್ಟುತ್ತದೆ. ಎಂಜಿನ್ ಚಾಲು ಮಾಡಿ, ಹೀಟರ್ ಗಾಳಿಯನ್ನು ಗಾಜಿನ ಕಡೆ ತಿರುಗಿಸಿ, ಹತ್ತು ನಿಮಿಷ ಕಾಯುವುದೇ ಸರಿಯಾದ ದಾರಿ. ಗಾಜಿನ ಮೇಲಿನ ಗಡ್ಡೆಯನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಕೆರೆಯಬಹುದು, ಅವಧಿ ಮುಗಿದ ಎಟಿಎಂ ಕಾರ್ಡ್ ಆದರೂ ಆದೀತು. ಚಾಕು, ಸ್ಟೀಲ್ ಸ್ಕೇಲ್ ಬೇಡ. ವೈಪರ್ ಬೆರಳಿಗೆ ಸಲೀಸಾಗಿ ಎದ್ದು ಬಂದ ಮೇಲೆಯೇ ಸ್ವಿಚ್.

ಈ ಹತ್ತು ನಿಮಿಷದ ಬಗ್ಗೆ ಮಾಮೂ ದನಿ ಬದಲಿಸಿ ಹೇಳಿದ ಮಾತೊಂದಿದೆ. ರಾತ್ರಿ ಹಿಮ ಬಿದ್ದಿದ್ದರೆ ಎಂಜಿನ್ ಚಾಲು ಮಾಡುವ ಮೊದಲು ಗಾಡಿಯ ಹಿಂದೆ ಹೋಗಿ ಸೈಲೆನ್ಸರ್ ಪೈಪಿನ ಬಾಯಿ ಬಿಡಿಸಬೇಕು. ಅದು ಹಿಮದಲ್ಲಿ ಮುಚ್ಚಿಹೋಗಿದ್ದರೆ ಹೊಗೆ ಗಾಡಿಯ ಒಳಗೆ ನುಗ್ಗುತ್ತದೆ. ಅದರಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಬೆಚ್ಚಗೆ ಕೂತವರಿಗೆ ತಲೆ ಭಾರವಾಗಿ, ನಿದ್ದೆ ಬಂದ ಹಾಗಾಗಿ, ಅಲ್ಲೇ ಪ್ರಾಣ ಹೋಗಬಹುದು. ಬಾಗಿಲು ಹಾಕಿದ ಶೆಡ್ಡಿನೊಳಗೆ ಎಂಜಿನ್ ಓಡಿಸುವುದೂ ಇಷ್ಟೇ ಅಪಾಯ. ಕಾಶ್ಮೀರದವರು ಫೆರನ್ ಒಳಗೆ ಹಿಡಿದುಕೊಳ್ಳುವ ಕೆಂಡದ ಕಾಂಗ್ಡಿಯನ್ನು ಮುಚ್ಚಿದ ಗಾಡಿಯಲ್ಲಿ ಇಟ್ಟುಕೊಂಡರೂ ಅದೇ ಅನಿಲ. ವೈಪರ್ ಹೋದರೆ ಹೊಸದು ಸಿಗುತ್ತದೆ ಎಂದು ಮಾಮೂ ಅಲ್ಲಿಗೇ ಸುಮ್ಮನಾದರು.

ನಮ್ಮ ಕಾಲೇಜಿನಿಂದ ಓದಲೆಂದು ಕೆನಡಾ, ಬ್ರಿಟನ್ ಕಡೆ ಹೋಗುವ ಸೀನಿಯರ್‌ಗಳಿಗೆ ಇನ್ನೆರಡು ಮಾತು. ಬ್ರಿಟನ್ನಿನ ಹೈವೇ ಕೋಡ್‌ನ 229ನೇ ನಿಯಮದ ಪ್ರಕಾರ ಹೊರಡುವ ಮೊದಲು ಎಲ್ಲ ಗಾಜುಗಳ ಮೇಲಿನ ಹಿಮವನ್ನೂ ಗಡ್ಡೆಯನ್ನೂ ತೆಗೆಯಲೇಬೇಕು, ಕಣ್ಣಳತೆಗೆ ಒಂದು ಕಿಂಡಿ ಮಾಡಿಕೊಂಡು ಹೊರಡುವ ಹಾಗಿಲ್ಲ. ಮತ್ತೆ, ವೈಪರ್ ಟ್ಯಾಂಕಿಗೆ ನಾವಿಲ್ಲಿ ನಲ್ಲಿ ನೀರು ತುಂಬುತ್ತೇವೆ. ಅಲ್ಲಿ ಹಾಗೆ ಮಾಡಿದರೆ ಟ್ಯಾಂಕಿನಿಂದ ಪಂಪಿನವರೆಗೆ ಎಲ್ಲ ಹೆಪ್ಪುಗಟ್ಟಿ ಒಡೆಯುತ್ತದೆ. ಚಳಿಗಾಲಕ್ಕೆಂದೇ ಮಾಡಿದ ದ್ರವ ಅಂಗಡಿಯಲ್ಲಿ ಸಿಗುತ್ತದೆ, ಎಷ್ಟು ಡಿಗ್ರಿಯವರೆಗೆ ತಡೆಯುತ್ತದೆ ಎಂದು ಕ್ಯಾನಿನ ಮೇಲೆಯೇ ಬರೆದಿರುತ್ತದೆ. ಕೆನಡಾ ಕಡೆ ಸಿಗುವ ಅಂಥ ದ್ರವದಲ್ಲಿ ಹೆಚ್ಚಾಗಿ ಮೆಥನಾಲ್ ಇರುತ್ತದೆ. ಅದು ವಿಷ, ಸ್ವಲ್ಪ ಕುಡಿದರೂ ಕಣ್ಣು ಹೋಗುತ್ತದೆ. ನೋಡಲು ನೀಲಿ ಶರಬತ್ತಿನಂತಿರುವುದರಿಂದ ಉಳಿದದ್ದನ್ನು ನೀರಿನ ಬಾಟಲಿಗೆ ಬಗ್ಗಿಸಿ ಇಡಬೇಡಿ.