ಸೌರವೋ, ಸಗಣಿಯೋ, ಹಳ್ಳದ ನೀರೋ? ಮೊದಲು ಲೆಕ್ಕ, ಆಮೇಲೆ ಖರ್ಚು

ಪಕ್ಕದ ಮನೆಯ ತಾರಸಿಗೆ ಸೋಲಾರ್ ಬಂದರೆ ನಮ್ಮ ಮನೆಗೂ ಬೇಕು ಅನ್ನಿಸುವುದು ಸಹಜ. ಆದರೆ ಅವರ ಬಿಲ್ಲು ಬೇರೆ, ನಿಮ್ಮ ಬಿಲ್ಲು ಬೇರೆ. ನಾಲ್ಕು ದನ ಕಟ್ಟಿದವರಿಗೆ ಸಗಣಿಯೇ ಇಂಧನ, ಮನೆಯ ಹಿಂದೆ ಹಳ್ಳ ಧುಮುಕುವವರಿಗೆ ನೀರೇ ಕರೆಂಟು. ಮಾರುವವರು ತಂದು ತೋರಿಸಿದ್ದನ್ನು ಕೊಳ್ಳುವುದಕ್ಕಿಂತ, ನಿಮ್ಮ ಜಾಗದಲ್ಲಿ ಆಗಲೇ ಇರುವುದನ್ನು ಬಳಸಿಕೊಳ್ಳುವುದು ಲಾಭದ ದಾರಿ.

ಹಂತ 1: ಬಿಲ್ಲು ಹರಡಿಕೊಂಡು ಕೂತುಕೊಳ್ಳಿ

ಹಿಂದಿನ 12 ತಿಂಗಳ ವಿದ್ಯುತ್ ಬಿಲ್ಲು ತೆಗೆದು ತಿಂಗಳಿಗೆ ಸರಾಸರಿ ಎಷ್ಟು ಯೂನಿಟ್ ಸುಟ್ಟಿದೆ ಎಂದು ಬರೆದಿಡಿ. ರಾಜ್ಯ ಸರ್ಕಾರದ ಗೃಹಜ್ಯೋತಿ ಯೋಜನೆಯಲ್ಲಿ ನಿಮ್ಮ ಬಿಲ್ಲು ಸೊನ್ನೆ ಬರುತ್ತಿದ್ದರೆ ತಾರಸಿ ಸೋಲಾರ್‌ನಿಂದ ಸದ್ಯಕ್ಕೆ ಉಳಿಯುವ ಹಣ ಹೆಚ್ಚೇನಿಲ್ಲ. ಆ ದುಡ್ಡನ್ನು ಸೋಲಾರ್ ವಾಟರ್ ಹೀಟರ್‌ಗೋ ಗೋಬರ್ ಗ್ಯಾಸಿಗೋ ಹಾಕುವುದು ಜಾಣತನ. ತಿಂಗಳಿಗೆ 250, 300 ಯೂನಿಟ್ ದಾಟುವ ಮನೆಯವರು ತಾರಸಿಯ ಕಡೆ ನೋಡಬಹುದು.

ಹಂತ 2: ಬಳಕೆ ಇಳಿಸಿ

ಉತ್ಪಾದಿಸುವುದಕ್ಕಿಂತ ಉಳಿಸುವುದು ಅಗ್ಗ. ಹಳೆಯ ಫ್ಯಾನ್ 75 ವಾಟ್ ಎಳೆದರೆ ಬಿಎಲ್‌ಡಿಸಿ ಫ್ಯಾನ್ ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ತಿರುಗುತ್ತದೆ. 2 ಕಿಲೋವಾಟ್‌ನ ಗೀಸರ್ ದಿನಕ್ಕೊಂದು ಗಂಟೆ ಉರಿದರೆ ತಿಂಗಳಿಗೆ 60 ಯೂನಿಟ್. ನಾಲ್ಕು ಜನರ ಸಂಸಾರಕ್ಕೆ ಸಾಮಾನ್ಯವಾಗಿ ದಿನಕ್ಕೆ 100 ಲೀಟರ್‌ನ ಸೋಲಾರ್ ಹೀಟರ್ ಸಾಕು. ಕೊಳವೆಬಾವಿಯ ಗಡಸು ನೀರಾದರೆ ಒಳಗೆ ಸುಣ್ಣ ಕಟ್ಟುತ್ತದೆ, ವರ್ಷಕ್ಕೊಮ್ಮೆಯಾದರೂ ತೊಳೆಸಬೇಕು. ಮಂಗಗಳ ಕಾಟವಿರುವ ಊರುಗಳಲ್ಲಿ ಗಾಜಿನ ಕೊಳವೆಯ ಹೀಟರ್‌ಗೆ ಮೇಲೊಂದು ಬಲೆ ಬೇಕಾಗುತ್ತದೆ.

ಹಂತ 3: ತಾರಸಿ ಸೋಲಾರ್

ನಮ್ಮ ರಾಜ್ಯದ ಬಿಸಿಲಿಗೆ 1 ಕಿಲೋವಾಟ್ ಪ್ಯಾನೆಲ್ ವರ್ಷದ ಸರಾಸರಿಯಲ್ಲಿ ದಿನಕ್ಕೆ ಸುಮಾರು 4 ಯೂನಿಟ್ ಕೊಡುತ್ತದೆ. ಅಂದರೆ ತಿಂಗಳ ಯೂನಿಟ್ಟನ್ನು 120ರಿಂದ ಭಾಗಿಸಿದರೆ ನಿಮಗೆ ಬೇಕಾದ ಕಿಲೋವಾಟ್ ಸಿಗುತ್ತದೆ. 360 ಯೂನಿಟ್ ಬಳಸುವ ಮನೆಗೆ 3 ಕಿಲೋವಾಟ್. ಪ್ರತಿ ಕಿಲೋವಾಟ್‌ಗೆ ನೆರಳಿಲ್ಲದ ಸುಮಾರು 100 ಚದರ ಅಡಿ ಜಾಗ ಬೇಕು. ಮುಖ ದಕ್ಷಿಣಕ್ಕಿರಲಿ. ತೆಂಗಿನ ಗರಿಯ ಅಥವಾ ನೀರಿನ ಟ್ಯಾಂಕಿನ ನೆರಳು ಒಂದೇ ಪ್ಯಾನೆಲ್ ಮೇಲೆ ಬಿದ್ದರೂ ಸಾಲಿನ ಉಳಿದವುಗಳ ಉತ್ಪಾದನೆಯೂ ಕುಗ್ಗಬಹುದು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಮೂರು ಹೊತ್ತೂ ತಾರಸಿಗೆ ಹತ್ತಿ ನೆರಳು ನೋಡಿ.

ಮನೆಗಳಿಗೆ ಕೇಂದ್ರದ ಪಿಎಂ ಸೂರ್ಯಘರ್ ಯೋಜನೆ 2024ರ ಫೆಬ್ರುವರಿಯಿಂದ ಇದೆ. ಮೊದಲ 2 ಕಿಲೋವಾಟ್‌ವರೆಗೆ ಕಿಲೋವಾಟ್‌ಗೆ 30,000 ರೂ., ಮೂರನೆಯದಕ್ಕೆ 18,000 ರೂ. ಸಹಾಯಧನ, ಒಟ್ಟು ಗರಿಷ್ಠ 78,000 ರೂ. ದಾರಿ ಹೀಗಿದೆ:

- ಯೋಜನೆಯ ಪೋರ್ಟಲ್‌ನಲ್ಲಿ ನಿಮ್ಮ ಎಸ್ಕಾಂ (ವಿದ್ಯುತ್ ಸರಬರಾಜು ಕಂಪನಿ) ಹಾಗೂ ಬಿಲ್ಲಿನ ಖಾತೆ ಸಂಖ್ಯೆ ಕೊಟ್ಟು ನೋಂದಾಯಿಸಿ.
- ಅನುಮತಿ ಬಂದ ಮೇಲೆ ಪಟ್ಟಿಯಲ್ಲಿರುವ ಮಾರಾಟಗಾರರಲ್ಲಿ ಕನಿಷ್ಠ ಮೂವರಿಂದ ದರಪಟ್ಟಿ ತರಿಸಿ.
- ಪ್ಯಾನೆಲ್ ಕೂರಿಸಿದ ಮೇಲೆ, ಕೊಟ್ಟ ಮತ್ತು ಪಡೆದ ಯೂನಿಟ್ ಎರಡನ್ನೂ ಅಳೆಯುವ ನೆಟ್ ಮೀಟರ್‌ಗೆ ಅರ್ಜಿ ಹಾಕಿ. ಎಸ್ಕಾಂ ಸಿಬ್ಬಂದಿ ಪರಿಶೀಲಿಸಿ ಚಾಲೂ ಮಾಡುತ್ತಾರೆ.
- ಕೊನೆಗೆ ಬ್ಯಾಂಕ್ ವಿವರ ಕೊಡಿ. ಸಹಾಯಧನ ಖಾತೆಗೇ ಬರುತ್ತದೆ, ಮೊದಲೇ ಕೈಗೆ ಸಿಗುವುದಿಲ್ಲ.

ಸಹಾಯಧನ ಬೇಕಿದ್ದರೆ ಪ್ಯಾನೆಲ್ಲೂ ಅದರೊಳಗಿನ ಸೆಲ್ಲೂ ಭಾರತದಲ್ಲೇ ತಯಾರಾಗಿರಬೇಕು.

ಲೆಕ್ಕ ನೋಡೋಣ. 3 ಕಿಲೋವಾಟ್‌ಗೆ 2 ಲಕ್ಷ ಖರ್ಚು ಎಂದಿಟ್ಟುಕೊಳ್ಳಿ. ಸಹಾಯಧನ ಕಳೆದರೆ ನಿಮ್ಮ ಕೈಯಿಂದ 1,22,000 ರೂ. ವರ್ಷಕ್ಕೆ ಸುಮಾರು 4,200 ಯೂನಿಟ್, ಯೂನಿಟ್‌ಗೆ 6 ರೂ. ಹಿಡಿದರೆ ಉಳಿತಾಯ ಸುಮಾರು 25,000. ಐದು ವರ್ಷಕ್ಕೆ ಅಸಲು ಹುಟ್ಟುತ್ತದೆ. ಪ್ಯಾನೆಲ್ಲಿಗೆ ಸಾಮಾನ್ಯವಾಗಿ 25 ವರ್ಷದ ಖಾತರಿ ಇರುತ್ತದೆ, ಇನ್ವರ್ಟರ್‌ಗೆ ಅಷ್ಟಿಲ್ಲ. ನಡುವೆ ಒಮ್ಮೆ ಅದನ್ನು ಬದಲಿಸುವ ಖರ್ಚನ್ನೂ ಸೇರಿಸಿಕೊಳ್ಳಿ. ಬಳಕೆಗಿಂತ ದೊಡ್ಡದು ಹಾಕಿಸಿ ಕರೆಂಟ್ ಮಾರುತ್ತೇನೆ ಎಂದುಕೊಳ್ಳಬೇಡಿ. ಉಳಿದ ಯೂನಿಟ್‌ಗೆ ಸಿಗುವ ದರ ನೀವು ಕೊಡುವ ದರಕ್ಕಿಂತ ಕಡಿಮೆ.

ಹಲವರು ಏಮಾರುವುದು ಒಂದು ವಿಷಯದಲ್ಲಿ. ಬ್ಯಾಟರಿ ಇಲ್ಲದ ಆನ್‌ಗ್ರಿಡ್ ಸೋಲಾರ್, ಲೈನಿನಲ್ಲಿ ಕರೆಂಟು ಹೋದೊಡನೆ ತಾನೂ ನಿಲ್ಲುತ್ತದೆ. ಕಂಬದಲ್ಲಿ ಕೆಲಸ ಮಾಡುವ ಲೈನ್‌ಮನ್‌ಗೆ ಶಾಕ್ ಹೊಡೆಯಬಾರದೆಂದೇ ಈ ವ್ಯವಸ್ಥೆ. ಕರೆಂಟು ಹೋದಾಗಲೂ ದೀಪ ಬೇಕೆಂದರೆ ಬ್ಯಾಟರಿ ಇರುವ ಹೈಬ್ರಿಡ್ ಕೇಳಿ, ಖರ್ಚು ಜಾಸ್ತಿ.

ಹಂತ 4: ಕೊಟ್ಟಿಗೆ ಇದ್ದರೆ ಗೋಬರ್ ಗ್ಯಾಸ್

2 ಘನ ಮೀಟರ್‌ನ ಗೋಬರ್ ಗ್ಯಾಸ್ ಘಟಕಕ್ಕೆ ದಿನಕ್ಕೆ ಸುಮಾರು 50 ಕಿಲೋ ಸಗಣಿ ಬೇಕು, ಅಂದರೆ ನಾಲ್ಕೈದು ದನ. ಅಷ್ಟೇ ಪ್ರಮಾಣದ ನೀರು ಸೇರಿಸಿ ಕಲಸಿ ಬಿಡಬೇಕು. ಚೆನ್ನಾಗಿ ನಡೆದರೆ ತಿಂಗಳಿಗೆ ಹೆಚ್ಚುಕಡಿಮೆ ಎರಡು ಎಲ್‌ಪಿಜಿ ಸಿಲಿಂಡರ್‌ನಷ್ಟು ಉರಿ. ಇಟ್ಟಿಗೆಯ ಗುಮ್ಮಟದ ದೀನಬಂಧು ಮಾದರಿಯಲ್ಲಿ ತುಕ್ಕು ಹಿಡಿಯುವ ಕಬ್ಬಿಣದ ಡ್ರಮ್ ಇಲ್ಲ, ಆದರೆ ಪಳಗಿದ ಗಾರೆ ಮೇಸ್ತ್ರಿಯೇ ಕಟ್ಟಬೇಕು. ಗುಮ್ಮಟದಲ್ಲಿ ಕೂದಲೆಳೆಯ ಬಿರುಕು ಬಿದ್ದರೂ ಗ್ಯಾಸ್ ಸೋರುತ್ತದೆ.

ಜಾಗ ಅಡುಗೆಮನೆಗೂ ಕೊಟ್ಟಿಗೆಗೂ ಹತ್ತಿರವಿರಲಿ, ಬಾವಿಯಿಂದ ದೂರವಿರಲಿ. ಬಿಸಿಲು ಬೀಳುವ ಕಡೆಯಾದರೆ ಚಳಿಗಾಲದಲ್ಲೂ ಗ್ಯಾಸ್ ತೀರಾ ಕಡಿಮೆಯಾಗದು. ಮೊದಲು ಬರುವ ಗ್ಯಾಸಿನಲ್ಲಿ ಗಾಳಿ ಬೆರೆತಿರುತ್ತದೆ. ಅದನ್ನು ಹಚ್ಚದೆ ಹೊರಗೆ ಬಿಟ್ಟುಬಿಡಿ. ಫಿನಾಯಿಲ್, ಸೋಪಿನ ನೀರು ಒಳಗೆ ಹೋದರೆ ಗ್ಯಾಸ್ ಉಂಟುಮಾಡುವ ಸೂಕ್ಷ್ಮಜೀವಿಗಳು ಸಾಯುತ್ತವೆ. ಹೊರಬರುವ ಬಗ್ಗಡ ಅಡಿಕೆ, ತೆಂಗು, ಬಾಳೆಗೆ ಒಳ್ಳೆಯ ಗೊಬ್ಬರ. ತೋಟವಿದ್ದವರಿಗೆ ಗ್ಯಾಸಿಗಿಂತ ಅದೇ ದೊಡ್ಡ ಲಾಭ.

ಹಂತ 5: ಮಲೆನಾಡಿನ ಹಳ್ಳ

ಮಳೆಗಾಲದಲ್ಲಿ ಮೋಡ ಕವಿದು ಸೋಲಾರ್ ಸೊರಗುವ ಹೊತ್ತಿಗೇ ಉತ್ತರ ಕನ್ನಡ, ಚಿಕ್ಕಮಗಳೂರು, ಕೊಡಗಿನ ಹಳ್ಳಗಳು ತುಂಬಿ ಹರಿಯುತ್ತವೆ. ಎರಡೂ ಇದ್ದವರಿಗೆ ವರ್ಷಪೂರ್ತಿ ಬೆಳಕು. ಹಳ್ಳದ ನೀರನ್ನು ಪೈಪಿನಲ್ಲಿ ಇಳಿಸಿ ಸಣ್ಣ ಟರ್ಬೈನ್ ತಿರುಗಿಸುವ ಪಿಕೋ ಹೈಡ್ರೋ ಘಟಕಗಳು ಈ ಭಾಗದ ತೋಟದ ಮನೆಗಳಲ್ಲಿ ಹೊಸದಲ್ಲ.

ಅಳತೆ ನೀವೇ ಮಾಡಬಹುದು. ಕೊಡ ತುಂಬಲು ಎಷ್ಟು ಸೆಕೆಂಡ್ ಬೇಕೆಂದು ಗಡಿಯಾರ ಹಿಡಿದು ನೋಡಿ, ಸೆಕೆಂಡಿಗೆ ಎಷ್ಟು ಲೀಟರ್ ಎಂದು ಲೆಕ್ಕ ಹಾಕಿ. ನೀರು ಎಷ್ಟು ಮೀಟರ್ ಎತ್ತರದಿಂದ ಇಳಿಯುತ್ತದೆ ಎಂದು ಅಳೆಯಿರಿ. ಎರಡನ್ನೂ ಗುಣಿಸಿ, ಬಂದದ್ದನ್ನು 5ರಿಂದ ಗುಣಿಸಿದರೆ ಸಿಗಬಹುದಾದ ವಾಟ್ ಅಂದಾಜಾಗುತ್ತದೆ. 10 ಲೀಟರ್, 10 ಮೀಟರ್ ಆದರೆ ಸುಮಾರು 500 ವಾಟ್. ಹಗಲೂ ರಾತ್ರಿ ನಡೆದರೆ ದಿನಕ್ಕೆ 12 ಯೂನಿಟ್! ಆದರೆ ಮಳೆಗಾಲದ ಅಬ್ಬರ ನಂಬಿ ಕೊಳ್ಳಬೇಡಿ, ಡಿಸೆಂಬರ್‌ನಲ್ಲಿ ಇನ್ನೊಮ್ಮೆ ಅಳೆಯಿರಿ. ಕೆಳಗಿನ ತೋಟದವರ ಪಾಲಿನ ನೀರು ತಪ್ಪದಂತೆ ಮೊದಲೇ ಮಾತಾಡಿಕೊಳ್ಳಿ. ಅರಣ್ಯದ ಜಾಗವಾದರೆ ಇಲಾಖೆಯ ಅನುಮತಿ ಬೇಕು.

ಹಂತ 6: ಹೊಲದ ಪಂಪು

ಲೈನಿನಿಂದ ದೂರವಿರುವ ಕೊಳವೆಬಾವಿಗೆ ಸೋಲಾರ್ ಪಂಪ್ ಸೂಕ್ತ. ಪಿಎಂ ಕುಸುಮ್ ಬಿ ಯೋಜನೆಯಡಿ ಕೇಂದ್ರ ಶೇ 30, ರಾಜ್ಯ ಶೇ 50 ಭರಿಸಿ ರೈತರ ಪಾಲು ಶೇ 20 ಎಂದು ಕರ್ನಾಟಕದಲ್ಲಿ ನಿಗದಿಯಾಗಿತ್ತು. ಅರ್ಜಿ ಹಾಕುವಾಗ ಈಗಿನ ಷರತ್ತು ವಿಚಾರಿಸಿ. ಹಗಲಲ್ಲೇ ನೀರು ಸಿಗುವುದರಿಂದ ರಾತ್ರಿ ಮೂರು ಫೇಸ್ ಕಾಯುತ್ತ ಹಾವು ಚೇಳಿನ ನಡುವೆ ನಡೆಯುವುದು ತಪ್ಪುತ್ತದೆ. ಇದಕ್ಕೆ ಬ್ಯಾಟರಿ ಬೇಡ. ಬಿಸಿಲಿದ್ದಾಗ ಕೃಷಿ ಹೊಂಡಕ್ಕೋ ಟ್ಯಾಂಕಿಗೋ ನೀರೆತ್ತಿಟ್ಟುಕೊಂಡು ಡ್ರಿಪ್‌ನಲ್ಲಿ ಬಿಡಿ. ಕರೆಂಟು ಪುಕ್ಕಟೆ ಎಂದು ಇಡೀ ದಿನ ಓಡಿಸಿದರೆ ಬಾವಿ ಬತ್ತುವುದು ನಿಮ್ಮದೇ.

ಹಂತ 7: ಅಂಗಡಿ, ಗಿರಣಿ, ಹೋಟೆಲ್

ಸೂರ್ಯಘರ್ ಸಹಾಯಧನ ಮನೆಗಳಿಗೆ ಮಾತ್ರ. ಆದರೂ ವ್ಯಾಪಾರ ಮಾಡುವವರಿಗೆ ಬಳಕೆ ಹಗಲಲ್ಲೇ ಹೆಚ್ಚು, ಬಿಲ್ಲನ್ನು ತಾವೇ ಕಟ್ಟಬೇಕು, ಹಾಗಾಗಿ ಸೋಲಾರ್ ಹೊಂದುತ್ತದೆ. ಹಿಟ್ಟಿನ ಗಿರಣಿಯಂಥ ಮೋಟಾರುಗಳು ಶುರುವಾಗುವಾಗ ಕೆಲವು ಪಟ್ಟು ಹೆಚ್ಚು ಕರೆಂಟು ಎಳೆಯುತ್ತವೆ. ಬ್ಯಾಟರಿಯಿಂದ ನಡೆಸುವುದಾದರೆ ಇನ್ವರ್ಟರ್ ಅದಕ್ಕೆ ತಕ್ಕಂತಿರಲಿ. ಟೈಲರ್‌ಗಳು ಹೊಲಿಗೆ ಯಂತ್ರಕ್ಕೆ ಡಿಸಿ ಮೋಟಾರ್ ಹಾಕಿಸಿದರೆ ಒಂದೆರಡು ಪ್ಯಾನೆಲ್ ಸಾಕು. ಹೋಟೆಲ್‌ನವರಿಗೆ ಬಿಸಿನೀರು ಸೋಲಾರ್‌ನಿಂದ, ಅನ್ನ ತರಕಾರಿಯ ಉಳಿಕೆಯಿಂದ ಗ್ಯಾಸ್.

ಸಹಿ ಹಾಕುವ ಮುನ್ನ

- ಅರ್ಥಿಂಗ್, ಸಿಡಿಲು ನಿರೋಧಕ ದರದಲ್ಲಿ ಸೇರಿದೆಯೇ?
- ಖಾತರಿ ಪತ್ರ ತಯಾರಕರದ್ದೋ, ಅಂಗಡಿಯದ್ದೋ?
- ಕೆಟ್ಟರೆ ಯಾರು, ಎಷ್ಟು ದಿನದೊಳಗೆ ಬರುತ್ತಾರೆ? ಬರವಣಿಗೆಯಲ್ಲಿದೆಯೇ?
- ಪೂರ್ತಿ ಹಣ ಮುಂಗಡ ಕೇಳುತ್ತಿದ್ದಾರೆಯೇ? ಹಾಗಿದ್ದರೆ ಬೇರೆಯವರನ್ನು ನೋಡಿ.
- ಅದೇ ಕಂಪನಿಯಿಂದ ಎರಡು ಮೂರು ವರ್ಷದ ಹಿಂದೆ ಹಾಕಿಸಿದವರ ಮನೆಗೆ ಹೋಗಿ ವಿಚಾರಿಸಿದ್ದೀರಾ?

ಯಂತ್ರ ಯಾವುದೇ ಇರಲಿ, ತೊಳೆದು ಒರೆಸಿ ನೋಡಿಕೊಳ್ಳುವವರು ಮನೆಯಲ್ಲಿ ಒಬ್ಬರಿರಬೇಕು. ಆ ಒಬ್ಬರು ಯಾರೆಂದು ತೀರ್ಮಾನಿಸಿ ಮುಂಗಡ ಕೊಡಿ.