ಕೈಯಿಂದ ಕೈಗೆ

ಪ್ರಯಾಣವೆಂಬುದು ಹಿರಿಯರಿಗೂ ಯಾವಾಗಲೂ ಸುಲಭವಾದುದಲ್ಲ. ಕಾಣದ ಊರು, ಅರಿಯದ ಭಾಷೆ, ಕಿಕ್ಕಿರಿದ ಜನ, ಇವುಗಳ ನಡುವೆ ತಿಳಿದವರೂ ದಿಕ್ಕುಗೆಡುವುದುಂಟು. ಹೀಗಿರುವಾಗ ಹತ್ತು ವರ್ಷದ ಬಾಲಕಿಯೊಬ್ಬಳು ಬಂಧುಗಳ ಜೊತೆಯಿಲ್ಲದೆ ಆಕಾಶಮಾರ್ಗದಲ್ಲಿ ಸಾವಿರ ಕಿಲೋಮೀಟರಿಗೂ ಮಿಕ್ಕಿದ ದೂರವನ್ನು ಕ್ರಮಿಸಬಲ್ಲಳೆ? ಬಲ್ಲಳು. ಆದರೆ ಅದಕ್ಕೆ ಬಾಲಕಿಯ ಧೈರ್ಯವೊಂದೇ ಸಾಲದು. ಹಿರಿಯರ ಹೊಣೆಗಾರಿಕೆಯೂ ಬೇಕು.

ಸೇಡಂ ತಾಲ್ಲೂಕಿನ ಕೋಡ್ಲಾ ಗ್ರಾಮದಲ್ಲಿ ಅಂತಹ ಬಾಲಕಿಯೊಬ್ಬಳು ಇರುವಳೆಂದು ಭಾವಿಸೋಣ. ಸುತ್ತಲೂ ತೊಗರಿಯ ಹೊಲಗಳು. ಸಮೀಪದಲ್ಲಿಯೇ ಸಿಮೆಂಟ್ ಕಾರ್ಖಾನೆ. ತಂದೆಗೆ ಕಾರ್ಖಾನೆಯಲ್ಲಿ ಕೆಲಸ; ರಜೆ ದೊರೆಯುವುದು ಒಂದೇ ದಿನ. ದೆಹಲಿಯಲ್ಲಿರುವ ಸೋದರಮಾವನು ಬೇಸಗೆಯ ರಜೆಗೆ ಸೊಸೆಯನ್ನು ಕರೆದಿದ್ದಾನೆ. “ಕೂಸು ಒಬ್ಬಾಕೀನೇ ಹ್ಯಾಂಗ ಹೋಗ್ತದೋ ಯಪ್ಪಾ?” ಎಂದು ಅಜ್ಜಿ ಮಗನನ್ನು ಕೇಳುತ್ತಾಳೆ. ಅಜ್ಜಿಯ ಈ ಪ್ರಶ್ನೆಯು ಸಾಧಾರಣವಾದುದಲ್ಲ. ವಿಮಾನ ಸಂಸ್ಥೆಗಳ ನಿಯಮಗಳೆಲ್ಲವೂ ಇದೇ ಪ್ರಶ್ನೆಗೆ ಕೊಟ್ಟ ಉತ್ತರಗಳಾಗಿವೆ.

ಹಿರಿಯರ ಜೊತೆಯಿಲ್ಲದೆ ಹೋಗುವ ಮಗುವನ್ನು ವಿಮಾನ ಸಂಸ್ಥೆಗಳು ‘ಅನ್‌ಅಕಂಪನೀಡ್ ಮೈನರ್’ ಎಂದು ಕರೆಯುತ್ತವೆ. ನಿಯಮಗಳು ಸಂಸ್ಥೆಯಿಂದ ಸಂಸ್ಥೆಗೆ ತುಸು ಬೇರೆಯಾದರೂ ಅವುಗಳ ತಿರುಳು ಒಂದೇ. ಭಾರತದಲ್ಲಿ ಸಾಮಾನ್ಯವಾಗಿ 5 ವರ್ಷ ತುಂಬಿ 12 ವರ್ಷ ತುಂಬದ ಮಕ್ಕಳಿಗೆ ಈ ಏರ್ಪಾಡು ಅನ್ವಯಿಸುತ್ತದೆ. ಹೊರದೇಶಗಳ ಕೆಲವು ಸಂಸ್ಥೆಗಳಲ್ಲಿ ಇದು 14 ವರ್ಷದವರೆಗೂ ಉಂಟು. 5 ವರ್ಷಕ್ಕಿಂತ ಕಿರಿಯ ಮಗುವನ್ನು ಒಂಟಿಯಾಗಿ ಕರೆದೊಯ್ಯುವುದಿಲ್ಲ. ಈ ಸೇವೆಯನ್ನು ಮುಂಚಿತವಾಗಿಯೇ ಕೋರಿ, ಅದಕ್ಕೆಂದು ಪ್ರತ್ಯೇಕ ಶುಲ್ಕವನ್ನು ಸಲ್ಲಿಸಬೇಕಾಗುತ್ತದೆ. ನಡುವೆ ಮತ್ತೊಂದು ವಿಮಾನಕ್ಕೆ ಬದಲಾಯಿಸಬೇಕಾದ ಪ್ರಯಾಣಕ್ಕೆ ಹಲವು ಸಂಸ್ಥೆಗಳು ಒಪ್ಪುವುದಿಲ್ಲ.

ತಂದೆಯು ಮಗಳೊಡನೆ ಸೇಡಂನಲ್ಲಿ ರೈಲನ್ನೇರಿ ಹೈದರಾಬಾದನ್ನು ತಲುಪಿ, ಅಲ್ಲಿಂದ ಶಂಷಾಬಾದಿನ ವಿಮಾನ ನಿಲ್ದಾಣಕ್ಕೆ ಹೋಗುತ್ತಾನೆ. ಅಲ್ಲಿ ಒಂದು ನಮೂನೆಯನ್ನು ತುಂಬಬೇಕು. ಮಗುವಿನ ಹೆಸರು ಮತ್ತು ವಯಸ್ಸು, ಕಳುಹಿಸುವವರ ವಿವರ, ಎದುರುಗೊಳ್ಳುವವರ ಹೆಸರು, ವಿಳಾಸ, ದೂರವಾಣಿ ಸಂಖ್ಯೆ ಇವೆಲ್ಲವೂ ಅದರಲ್ಲಿ ಇರಬೇಕು. ತಂದೆ ಸಹಿ ಮಾಡಿ ಮಗಳನ್ನು ಸಿಬ್ಬಂದಿಗೆ ಒಪ್ಪಿಸುತ್ತಾನೆ; ಸಿಬ್ಬಂದಿಯು ಆಕೆಯನ್ನು ಗಗನಸಖಿಗೆ ಒಪ್ಪಿಸುತ್ತದೆ. ವಿಮಾನವು ನೆಲವನ್ನು ಬಿಟ್ಟು ಮೇಲೇರುವವರೆಗೂ ಕಳುಹಿಸಲು ಬಂದವರು ನಿಲ್ದಾಣದಲ್ಲಿಯೇ ಇರಬೇಕು. ತುರ್ತು ನಿರ್ಗಮನ ದ್ವಾರದ ಬಳಿಯ ಆಸನವನ್ನು ಮಗುವಿಗೆ ಕೊಡುವುದಿಲ್ಲ. ದೆಹಲಿಯಲ್ಲಿ ಇಳಿದ ಮೇಲೆ ನೆಲದ ಸಿಬ್ಬಂದಿಯು ಆಕೆಯನ್ನು ಹೊರಗೆ ಕರೆತರುತ್ತದೆ.

ಆದರೆ ನಿಯಮದ ನಿಜವಾದ ಪರೀಕ್ಷೆ ನಡೆಯುವುದು ಅಲ್ಲಿಯೇ. ಅಂದು ಸೋದರಮಾವನಿಗೆ ಅನಿವಾರ್ಯವಾದ ಕೆಲಸವೊದಗಿ, ತನ್ನ ಬದಲಿಗೆ ಆಪ್ತ ಗೆಳೆಯನನ್ನು ಕಳುಹಿಸುತ್ತಾನೆ. ಗೆಳೆಯನು ಸಜ್ಜನ, ಬಾಲಕಿಯ ಹೆಸರನ್ನೂ ಹೇಳಬಲ್ಲನು. ಆದರೂ ನಮೂನೆಯಲ್ಲಿ ಅವನ ಹೆಸರಿಲ್ಲ. ಸಿಬ್ಬಂದಿಯು ಬಾಲಕಿಯನ್ನು ಅವನಿಗೆ ಒಪ್ಪಿಸಲೊಲ್ಲದು. ಗೆಳೆಯನಿಗೆ ಅವಮಾನವಾಗುತ್ತದೆ, ದಣಿದ ಬಾಲಕಿಯ ಕಣ್ಣು ತುಂಬಿಬರುತ್ತದೆ. ಕೋಡ್ಲಾದ ಮನೆಗೆ ದೂರವಾಣಿ ಕರೆ ಹೋಗುತ್ತದೆ. ಕೊನೆಗೆ ಸೋದರಮಾವನೇ ಬಂದು ಗುರುತಿನ ಚೀಟಿಯನ್ನು ತೋರಿಸಿ ಸಹಿ ಮಾಡಿದ ಬಳಿಕವೇ ಆಕೆಯ ಕೈ ಅವನ ಕೈ ಸೇರುತ್ತದೆ.

ಇದು ಕಠೋರವೆಂದು ತೋರಬಹುದು. ಆದರೆ ಸಜ್ಜನನ ಮುಖಕ್ಕೂ ವಂಚಕನ ಮುಖಕ್ಕೂ ಇರುವ ಭೇದವನ್ನು ಸಿಬ್ಬಂದಿಯು ಕ್ಷಣಮಾತ್ರದಲ್ಲಿ ಅರಿಯಲಾರದು. ಒಬ್ಬ ಸಜ್ಜನನಿಗಾಗಿ ಸಡಿಲಗೊಂಡ ನಿಯಮವು ಮರುದಿನ ವಂಚಕನಿಗೂ ಬಾಗಿಲು ತೆರೆದೀತು. ಗಂಟೆಯೊಂದರ ಕಣ್ಣೀರು ಒರೆಸಿದರೆ ಹೋಗುತ್ತದೆ. ಕಳೆದುಹೋದ ಮಗು ಹಾಗೆ ಸುಲಭವಾಗಿ ಮರಳಿ ದೊರೆಯದು. ಆದುದರಿಂದ ಈ ಕಾಠಿಣ್ಯವು ಕಾರುಣ್ಯದ ಇನ್ನೊಂದು ರೂಪವೇ ಸರಿ.

ಇದೇ ಬಾಲಕಿಯು ರೈಲಿನಲ್ಲಿ ಒಂಟಿಯಾಗಿ ಹೊರಟಿದ್ದರೆ? ಸೇಡಂನಿಂದ ಅತ್ತ ಹೈದರಾಬಾದಿಗೂ ಇತ್ತ ವಾಡಿಗೂ ಬಂಡಿಗಳು ಹೋಗುತ್ತವೆ. ವಾಡಿಯಿಂದ ಸಿಕಂದರಾಬಾದಿಗೆ ನಿಜಾಮ ಸಂಸ್ಥಾನದ ರೈಲು ಮಾರ್ಗವು 1874ರಲ್ಲಿ ತೆರೆಯಿತು. ವಾಡಿಯು ಮುಂಬಯಿ, ಚೆನ್ನೈ, ಹೈದರಾಬಾದುಗಳ ದಾರಿಗಳು ಕೂಡುವ ನಿಲ್ದಾಣ. ಈ ಸೀಮೆಯಿಂದ ದುಡಿಮೆಯನ್ನರಸಿ ದೂರದ ನಗರಗಳಿಗೆ ಹೋಗುವವರು ಹಲವರು. ಆದರೆ ರೈಲಿನಲ್ಲಿ ಸಹಿ ಪಡೆದು ಮಗುವನ್ನು ಒಬ್ಬರಿಂದ ಒಬ್ಬರಿಗೆ ಒಪ್ಪಿಸುವ ಪದ್ಧತಿಯಿಲ್ಲ. ಮನೆಯಲ್ಲಿ ಮುನಿಸಿಕೊಂಡು ಬಂದ ಬಾಲಕ, ಜನಸಂದಣಿಯಲ್ಲಿ ತಾಯಿಯ ಕೈ ತಪ್ಪಿದ ಮಗು, ಕೆಲಸದ ಆಸೆ ತೋರಿಸಿ ಯಾರೋ ಕರೆದೊಯ್ಯುತ್ತಿರುವ ಬಾಲಕಿ, ಇವರೆಲ್ಲ ಅಲ್ಲಿ ಕಾಣಸಿಗುವುದುಂಟು. 2018ರಿಂದ 2024ರ ಮೇ ತಿಂಗಳವರೆಗೆ ರೈಲ್ವೆ ರಕ್ಷಣಾ ದಳವು ದೇಶದಲ್ಲಿ ಇಂತಹ 84 ಸಾವಿರಕ್ಕೂ ಹೆಚ್ಚು ಮಕ್ಕಳನ್ನು ರಕ್ಷಿಸಿತು.

ಇಂತಹ ಮಕ್ಕಳಿಗಾಗಿಯೂ ಕಾನೂನು ಉಂಟು. 2015ರ ಬಾಲನ್ಯಾಯ ಕಾಯಿದೆಯ ಪ್ರಕಾರ, ಪೋಷಕರಿಂದ ಬೇರ್ಪಟ್ಟಂತೆ ತೋರುವ ಮಗುವನ್ನು ಕಂಡವರು 24 ಗಂಟೆಗಳೊಳಗೆ ಪೊಲೀಸರಿಗೋ ಮಕ್ಕಳ ಸಹಾಯವಾಣಿಗೋ ಮಕ್ಕಳ ಕಲ್ಯಾಣ ಸಮಿತಿಗೋ ತಿಳಿಸಬೇಕು. ಸಹಾಯವಾಣಿಯ ಸಂಖ್ಯೆ 1098. ಕರೆಗೆ ಹಣ ಕೊಡಬೇಕಾಗಿಲ್ಲ. ಈ ಕರ್ತವ್ಯವನ್ನು ನೆರವೇರಿಸಲು ಅಧಿಕಾರವಾಗಲಿ ಸಮವಸ್ತ್ರವಾಗಲಿ ಬೇಡ; ಕಂಡೂ ಕಾಣದಂತೆ ಮುಂದೆ ಹೋಗದಿರುವ ಮನಸ್ಸು ಸಾಕು.

ದೆಹಲಿಯಿಂದ ಮರಳಿದ ಬಾಲಕಿಯು ಅಜ್ಜಿಗೆ ಮೋಡಗಳ ಕಥೆಯನ್ನು ಹೇಳುತ್ತಾಳೆ. ಅಜ್ಜಿಯ ಕಿವಿ ಬೇರೊಂದನ್ನು ಅರಸುತ್ತದೆ: ಅಪ್ಪನ ಕೈ ಬಿಟ್ಟ ಮೇಲೆ ಯಾರ ಕೈ, ಅದಾದ ಮೇಲೆ ಯಾರ ಕೈ? ಎಲ್ಲಿಯೂ ಆ ಸರಪಳಿ ತುಂಡಾಗಲಿಲ್ಲವೆಂದು ತಿಳಿದ ಬಳಿಕ ಮುದುಕಿ ನಿಟ್ಟುಸಿರಿಡುತ್ತಾಳೆ. ಮಗು ಒಬ್ಬಳೇ ಹೋಗಿರಲಿಲ್ಲ. ವಿಮಾನದಲ್ಲಿ ಆ ಸರಪಳಿಯನ್ನು ನಿಯಮವು ಕಟ್ಟಿಕೊಡುತ್ತದೆ. ರೈಲು ನಿಲ್ದಾಣದಲ್ಲಿ, ಸಂತೆಯಲ್ಲಿ, ಜಾತ್ರೆಯಲ್ಲಿ ಅದನ್ನು ದಾರಿಹೋಕರೇ ಕಟ್ಟಬೇಕು.